ಹಸಿರು ಅಂಕಿಯೊಳಗೆ ಸಿಕ್ಕಿಕೊಂಡ ಕುರಿಗಳು

ಕನ್ನಡಕದ ಕಡ್ಡಿ ಸಡಿಲವಾಗಿತ್ತು. ಅದನ್ನು ಬಿಗಿ ಮಾಡುವ ಪುಟ್ಟ ಸ್ಕ್ರೂಡ್ರೈವರ್ ಬೀರುವಿನ ಕೆಳಗಿನ ಖಾನೆಯಲ್ಲಿದೆ ಎಂಬ ನಂಬಿಕೆಯ ಮೇಲೆ ನೆಲದ ಮೇಲೆ ಕೂತು ಕೈ ಹಾಕಿದೆ. ನಮ್ಮ ಮನೆಯಲ್ಲಿ ಆ ಖಾನೆ ಒಂದು ಪಾತಾಳ. ಹುಡುಕಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿ ಸಿಗುತ್ತದೆ. ಮೊದಲು ಒಂದು ಬೀಗ ಸಿಕ್ಕಿತು, ಆಮೇಲೆ ಆ ಬೀಗಕ್ಕೆ ಸೇರದ ಮೂರು ಕೀಲಿಕೈ, ಒಣಗಿದ ಇಂಕಿನ ಬುಡ್ಡಿ. ಕೊನೆಗೆ ಏನೋ ಚೌಕವಾಗಿ, ತಣ್ಣಗೆ ಬೆರಳಿಗೆ ತಗುಲಿತು. ಹೊರಕ್ಕೆ ಎಳೆದೆ.

"ಸಿಕ್ತಾ?" ಎಂದಳು ಹೆಂಡತಿ ಅಡುಗೆಮನೆಯಿಂದ.

"ಸಿಕ್ತು."

"ಸ್ಕ್ರೂಡ್ರೈವರಾ?"

"ಅಲ್ಲ, ನನ್ನ ಹಳೇ ಕ್ಯಾಲ್ಕುಲೇಟರು."

"ಸರಿ, ಅದನ್ನೇ ಕಣ್ಣಿಗೆ ಹಾಕ್ಕೊಳ್ಳಿ."

ಹಾಕಿಕೊಂಡೆ ಎಂದೇ ತಿಳಿಯಿರಿ. ಆ ಹೊತ್ತಿನಿಂದ ಎದುರಿಗಿದ್ದದ್ದು ಒಂದೂ ಸರಿಯಾಗಿ ಕಾಣಲಿಲ್ಲ. ನೆಲದ ಮೇಲೇ ಕೂತಿದ್ದೆ. ಕಾಫಿ ಆರಿತು, ಬೈಗುಳ ಬಂತು, ಅದೂ ಆರಿತು.

ಈಗಿನ ಕ್ಯಾಲ್ಕುಲೇಟರಿನ ಹಾಗಲ್ಲ ಅದು. ಅರ್ಧ ಅಚ್ಚು ಬೆಲ್ಲದಷ್ಟು ತೂಕ. ಹಿಂದೆ ಮುಚ್ಚಳ ತೆಗೆದರೆ ಎರಡು ಪೆನ್ಸಿಲ್ ಸೆಲ್ ಕೂರುವ ಗೂಡು. ಸೆಲ್ಲು ಒಡೆದು ಬಿಳಿ ಬೂಷ್ಟು ಕಟ್ಟಿದೆ. ಸ್ವಿಚ್ಚು ತಳ್ಳಿದರೆ ಕಪ್ಪು ಗಾಜಿನ ಹಿಂದೆ ಹಸಿರು ಅಂಕಿಗಳು ಹೊತ್ತಿಕೊಳ್ಳುತ್ತಿದ್ದವು. ಬರೀ ಹಸಿರಲ್ಲ, ಕೆರೆಯ ನೀರಿನೊಳಗಿಂದ ದೀಪ ಹಿಡಿದ ಹಾಗಿನ ಹಸಿರು. ಬಿಸಿಲಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಕತ್ತಲು ಬೇಕು ಅದಕ್ಕೆ.

ಮೊನ್ನೆ ಪಕ್ಕದ ಮನೆಯ ಸೊಸೆ, ನಾನು ಮೇಷ್ಟರಾಗಿದ್ದ ಹಾಗೆ ಆಕೆಯೂ ಸ್ಕೂಲ್ ಮೇಡಮ್ಮು, ಫೋನಿನಲ್ಲಿ ಪಾಠ ತೋರಿಸಿದಳು. ಭೂಮಿ ತಿರುಗುತ್ತದೆ, ಹೂವು ಅರಳುತ್ತದೆ, ಭಿನ್ನರಾಶಿ ಹೋಳಿಗೆಯ ಹಾಗೆ ತಾನೇ ಹೋಳಾಗುತ್ತದೆ. "ನಿಮ್ಮ ಕಾಲದಲ್ಲಿ ಏನಿತ್ತು ಅಂಕಲ್?" ಎಂದು ಕೇಳಿದಳು. "ಚಾಕ್‌ಪೀಸು, ಡಸ್ಟರು, ಬೆತ್ತ" ಎಂದುಬಿಟ್ಟೆ. ಈ ಕ್ಯಾಲ್ಕುಲೇಟರಿನ ಮಾತು ಹೇಳಲಿಲ್ಲ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಹೇಳಿದ್ದರೆ ಮಿಕ್ಕ ಕಥೆಯನ್ನೂ ಹೇಳಬೇಕಾಗುತ್ತಿತ್ತು, ಅದರಲ್ಲಿ ನನಗೆ ಅಷ್ಟೇನೂ ಮರ್ಯಾದೆ ಇಲ್ಲ. ನಿಮ್ಮ ಹತ್ತಿರ ಏನು ಮುಚ್ಚುಮರೆ, ಹೇಳುತ್ತೇನೆ.

ನನಗೆ ಎಣಿಸುವ ಚಾಳಿ ಹುಟ್ಟಿನಿಂದ ಬಂದದ್ದು. ಮಧುಗಿರಿಯಲ್ಲಿ ಬೆಳೆದವರಿಗೆ ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿಗೆ ಬೆಟ್ಟ. ಆಕಾಶ ನೋಡಬೇಕೆಂದರೆ ಕತ್ತು ಅಷ್ಟು ಹಿಂದಕ್ಕೆ ವಾಲಿಸಬೇಕು. ಭಾನುವಾರ ನಾಲ್ಕೈದು ಹುಡುಗರು ಬೆಟ್ಟ ಹತ್ತುತ್ತ ಮೆಟ್ಟಿಲು ಎಣಿಸುತ್ತಿದ್ದೆವು. ಮೆಟ್ಟಿಲು ಮುಗಿದು ಬರೀ ಬಂಡೆಯ ಮೇಲೆ ಕೊರೆದ ಗುಳಿಗಳು ಬರುತ್ತವಲ್ಲ, ಅವನ್ನು ಸೇರಿಸಬೇಕೋ ಬೇಡವೋ ಎಂದು ಅಲ್ಲೇ ಜಗಳ. ಒಂದು ದಿನವೂ ಇಬ್ಬರ ಲೆಕ್ಕ ಒಂದಾಗಲಿಲ್ಲ. ಗಾಳಿ ಬಂದು ಅರ್ಧದಲ್ಲೇ ಅಂಕಿಗಳನ್ನು ಹಾರಿಸಿಕೊಂಡು ಹೋಗುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ.

ಬೇಸಿಗೆ ರಜೆಗೆ ಕೊರಟಗೆರೆಯ ಅಜ್ಜಿ ಮನೆ. ಅಲ್ಲಿ ನನ್ನ ಚಾಳಿಗೆ ಕಡಿವಾಣ. ಹೋಳಿಗೆ ತಿನ್ನುತ್ತ "ಅಜ್ಜಿ, ಇದು ಆರನೇದು" ಎಂದರೆ ಸಾಕು, ಅಜ್ಜಿ ಸೌಟು ಹಿಡಿದೇ ಬರುತ್ತಿದ್ದರು. "ತಿನ್ನೋದನ್ನ ಎಣಿಸ್ತಾರೇನೋ, ಮೂದೇವಿ! ದೃಷ್ಟಿಯಾಗುತ್ತೆ." ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿ ಜೋರಾಗಿದೆ ಎಂದರ್ಥ. ನನ್ನ ಪಾಲಿಗೆ ಯಾವತ್ತೂ ಘಾಟು ಬರುತ್ತಿರಲಿಲ್ಲ. ಅಂಥ ಅಜ್ಜಿಯ ಮೊಮ್ಮಗನಾಗಿ ನಾನು ಮುಂದೆ ಮಾಡಿದ ದಡ್ಡತನಕ್ಕೆ ಕ್ಷಮೆ ಇಲ್ಲ, ಬಿಡಿ.

ಎಂಬತ್ತರ ದಶಕ ಶುರುವಾಗಿತ್ತು. ನನಗೆ ಗೌಡಗೆರೆ ಕಡೆಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಗಣಿತದ ಮೇಷ್ಟರಾಗಿ ಕೆಲಸವಾಯಿತು. ಸ್ಕೂಲೆಂದರೆ ಎರಡು ಕೋಣೆ, ಒಂದು ಜಗಲಿ, ಒಂದು ಬೇವಿನ ಮರ. ಮರಕ್ಕೂ ಒಂದು ಕ್ಲಾಸು ಇತ್ತು, ಮೂರನೆಯ ತರಗತಿ. ಸುತ್ತ ಕಡಲೆಕಾಯಿ ಹೊಲ. ಮಧ್ಯಾಹ್ನದ ಹೊತ್ತು ಗಾಳಿ ನಿಂತು, ಮಕ್ಕಳು ಮಗ್ಗಿ ಹೇಳುತ್ತ ಹೇಳುತ್ತ ತೂಕಡಿಸಿ, ನನಗೂ ಕಣ್ಣು ಎಳೆಯುತ್ತಿತ್ತು. ಹದಿಮೂರರ ಮಗ್ಗಿಯ ನಡುವೆ ಎಷ್ಟೋ ಸಲ ಇಡೀ ಸ್ಕೂಲೇ ಒಂದು ಗಳಿಗೆ ನಿದ್ದೆ ಮಾಡಿ ಎದ್ದದ್ದುಂಟು.

ಕ್ಯಾಲ್ಕುಲೇಟರ್ ಸಿಕ್ಕಿದ್ದು ಸಿರಾದಲ್ಲಿ. ಬಸ್ ತಪ್ಪಿಸಿಕೊಂಡು, ಗಡಿಯಾರ ರಿಪೇರಿಯ ಸಾಬರ ಅಂಗಡಿಯ ನೆರಳಿಗೆ ನಿಂತಿದ್ದೆ. ಅವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ನನ್ನನ್ನು ಅಳೆದರು. ಗಾಜಿನ ಪೆಟ್ಟಿಗೆಯೊಳಗಿಂದ ಇದನ್ನು ತೆಗೆದು, ಅಂಗೈಯಿಂದ ನೆರಳು ಮಾಡಿ ತೋರಿಸಿದರು.

"ಲೇಲೋ ಮಾಸ್ಟರ್ ಸಾಬ್, ಹಿಸಾಬ್ ಕೀ ಮಿಷಿನ್, ಲೆಕ್ಕದ್ದು. ಅಸಲಿ ಫಾರಿನ್ ಮಾಲ್. ಇದ್ರ ಮುಂದೆ ನಿಮ್ದು ತಲೆ, ನಮ್ದು ತಲೆ, ಎಲ್ಲ ಬೇಕಾರ್."

ಅವರ ಅಂಗೈಯ ಕತ್ತಲಲ್ಲಿ ಎಂಟು ಎಂಬ ಅಂಕಿ ಹಸಿರಾಗಿ ಮಿನುಗಿತು. ಅಷ್ಟೇ, ಮರುಳಾದೆ. ಅದಕ್ಕಾಗಿ ಎಷ್ಟು ತಿಂಗಳು ಹೋಟೆಲಿನ ದೋಸೆ ಬಿಟ್ಟೆ ಎಂಬುದನ್ನು ಹೇಳುವುದಿಲ್ಲ. ಕೊರಟಗೆರೆಯ ಅಜ್ಜಿಯ ಆಣೆ, ಎಣಿಸಿಲ್ಲ.

ನಮ್ಮ ಹೆಡ್‌ಮಾಸ್ತರು ನಾರಾಯಣಪ್ಪನವರು ಪಾವಗಡದ ಕಡೆಯವರು. ಸಿಟ್ಟು ತೆಲುಗಿನಲ್ಲಿ ಬರುತ್ತಿತ್ತು, ಬುದ್ಧಿಮಾತು ಕನ್ನಡದಲ್ಲಿ. ಯಂತ್ರವನ್ನು ದೂರದಿಂದಲೇ ನೋಡಿ, "ಏಮಯ್ಯಾ ಇದಿ?" ಎಂದರು. ವಿವರಿಸಿದೆ. "ಮಕ್ಳು ಮಗ್ಗಿ ಮರೆತ್ರೆ ನಿನ್ನ ಈ ಡಬ್ಬಿಗೆ ಏಳನೇ ಕ್ಲಾಸ್ ಪರೀಕ್ಷೆ ಬರೆಸ್ತೀಯಾ?" ಎಂದು ಕೇಳಿದರು. ಆದರೆ ಸಂಜೆ ಎಲ್ಲರೂ ಹೋದ ಮೇಲೆ, "ಸ್ವಲ್ಪ ಕೊಡಯ್ಯಾ, ತಿಂಗಳ ಹಾಜರಾತಿ ಸರಾಸರಿ ತೆಗೀಬೇಕು" ಎಂದು ಮೆಲ್ಲಗೆ ಕೈ ಚಾಚಿದರು. ಅಲ್ಲಿಗೆ ನನ್ನ ಡಬ್ಬಿಗೆ ಸ್ಕೂಲಿನಲ್ಲಿ ಕೆಲಸ ಕಾಯಂ ಆಯಿತು.

ಒಂದು ಯಂತ್ರ, ಏಳನೇ ತರಗತಿಯಲ್ಲಿ ನಲವತ್ತೊಂದು ಮಕ್ಕಳು. ನಾನೊಂದು ಉಪಾಯ ಮಾಡಿದೆ. ಮೊದಲು ಎಲ್ಲರೂ ಸ್ಲೇಟಿನಲ್ಲಿ ಲೆಕ್ಕ ಮಾಡಬೇಕು. ಆಮೇಲೆ ಕಿಟಕಿ ಮುಚ್ಚಬೇಕು. ಬಾಗಿಲ ಸಂದಿಯಿಂದ ಒಂದು ಗೆರೆ ಬಿಸಿಲು ಮಾತ್ರ. ಆ ಕತ್ತಲಲ್ಲಿ ಎಲ್ಲರೂ ಮೇಜಿನ ಸುತ್ತ. ನಾನು ಅಂಕಿಗಳನ್ನು ಒತ್ತುವುದು. ಕೊನೆಯ ಸಮ ಚಿಹ್ನೆ ಒತ್ತುವ ಭಾಗ್ಯ ದಿನಕ್ಕೊಬ್ಬರದು, ಬೆಂಚಿನ ಸರದಿಯಂತೆ. ಬೆರಳು ಒತ್ತಿತೋ, ಅಂಕಿಗಳು ಒಮ್ಮೆ ಮಾಯವಾಗಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಕತ್ತಲಾಗಿ, ಉತ್ತರ ಮೂಡುತ್ತಿತ್ತು. ಹಸಿರು ಬೆಳಕು ಮಕ್ಕಳ ಗಲ್ಲದ ಮೇಲೆ. ಉಸಿರು ಬಿಡುವ ಸದ್ದೂ ಇಲ್ಲ. ಮೊದಲು ನನ್ನ ಮುಖ ಕಂಡರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದವರು ಈಗ ಲೆಕ್ಕದ ಪೀರಿಯಡ್ಡಿಗೆ ಕಾಯುತ್ತಿದ್ದರು. ತಮ್ಮ ಸ್ಲೇಟಿನ ಉತ್ತರವೂ ಡಬ್ಬಿಯ ಉತ್ತರವೂ ಒಂದೇ ಆದಾಗ ಅವರು ಕೂಗುತ್ತಿದ್ದ ಕೂಗಿಗೆ ಬೇವಿನ ಮರದ ಕಾಗೆಗಳು ಏಳುತ್ತಿದ್ದವು. ಎಂಥ ಸುಖ ಅಂತೀರಿ! ಈಗಲೂ ಮಧ್ಯಾಹ್ನ ಮಲಗಿ ಕಣ್ಣು ಮುಚ್ಚಿದರೆ ಆ ಕತ್ತಲ ಕೋಣೆ, ಸ್ಲೇಟಿನ ಒದ್ದೆ ವಾಸನೆ, ತಲೆಗೆ ಹಚ್ಚಿದ ಹರಳೆಣ್ಣೆಯ ವಾಸನೆ, ಎಲ್ಲ ಬರುತ್ತದೆ.

ಆ ನಲವತ್ತೊಂದರಲ್ಲಿ ಒಬ್ಬಳು ಚಿತ್ತಕ್ಕ. ಊರಾಚೆಯ ಹಟ್ಟಿಯವಳು, ಕುರಿ ಸಾಕುವ ಮನೆಯವಳು. ಅಪ್ಪ ಅಮ್ಮ ದೊಡ್ಡ ಹಿಂಡು ಹೊಡೆದುಕೊಂಡು ಮೇವು ಇದ್ದ ಕಡೆಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಹಟ್ಟಿಯಲ್ಲಿ ಇವಳೂ ಅಜ್ಜಿಯೂ, ಮರಿಗಳೂ ಮುದಿ ಕುರಿಗಳೂ ಇದ್ದ ಸಣ್ಣ ಹಿಂಡೂ. ಆ ಹಟ್ಟಿಯಿಂದ ಏಳನೇ ತರಗತಿವರೆಗೆ ಬಂದ ಮೊದಲ ಹುಡುಗಿ ಅವಳೇ. ಮಾತು ಕಡಿಮೆ. ಲೆಕ್ಕದಲ್ಲಿ ಮಾತ್ರ ಡಬ್ಬಿಗಿಂತ ಒಂದು ಹೆಜ್ಜೆ ಮುಂದೆ. ಅವಳು ಸ್ಲೇಟು ಬೋರಲು ಹಾಕಿ ಕೂತಳೆಂದರೆ ಉತ್ತರ ಬಂದಿದೆ ಎಂದರ್ಥ. ಪರೀಕ್ಷೆ ಪಾಸಾದರೆ ಹೈಸ್ಕೂಲು, ಹೈಸ್ಕೂಲಾದರೆ ಟೀಚರ್ ಟ್ರೈನಿಂಗು ಎಂದು ನಾನು ಮನಸ್ಸಿನಲ್ಲೇ ಅವಳಿಗೆ ದಾರಿ ಹಾಕಿಬಿಟ್ಟಿದ್ದೆ. ಅವಳನ್ನು ಕೇಳಿರಲಿಲ್ಲ, ಅದು ಬೇರೆ ಮಾತು.

ಪರೀಕ್ಷೆಗೆ ಇನ್ನೇನು ಒಂದೂವರೆ ತಿಂಗಳು ಇದೆ ಎನ್ನುವಾಗ ಸರಾಸರಿಯ ಪಾಠ ಬಂತು. ಪುಸ್ತಕದ ಲೆಕ್ಕ ಬೇಡ, ಮನೆಯ ಲೆಕ್ಕ ತನ್ನಿ ಎಂದೆ. ನಿಮ್ಮನಿಮ್ಮ ಮನೆಯಲ್ಲಿ ಏನು ಹೆಚ್ಚಿದೆಯೋ ಎಣಿಸಿಕೊಂಡು ಬನ್ನಿ, ಡಬ್ಬಿಗೆ ಹಾಕೋಣ. ಎಲ್ಲರೂ ಹೋ ಎಂದರು. ಚಿತ್ತಕ್ಕ ಮಾತ್ರ ಮೇಜಿನ ಹತ್ತಿರ ಬಂದು ನಿಂತಳು.

"ಸಾ, ನಮ್ಮನ್ಯಾಗೆ ಕುರಿ ಬುಟ್ರೆ ಏನಿಲ್ಲ."

"ಕುರಿಯನ್ನೇ ಎಣಿಸಿಕೊಂಡು ಬಾ."

"ಕುರಿ ಎಣಿಸಬಾರ್ದು ಸಾ. ಅಜ್ಜಿ ಬೈತೈತೆ."

"ಅದೆಲ್ಲ ಮೂಢನಂಬಿಕೆ. ನೀನು ಓದಿದ ಹುಡುಗಿ. ಎಣಿಸಿಕೊಂಡು ಬಾ ಹೋಗು."

ನೋಡಿ, ಇದನ್ನು ಹೇಳಿದವನು ಹೋಳಿಗೆ ಎಣಿಸಿ ಸೌಟಿನ ಏಟು ತಿಂದವನು. ಮೂರು ಅಕ್ಷರ ಕಲಿತು ಕೈಗೆ ಒಂದು ಡಬ್ಬಿ ಬಂದರೆ ಸಾಕು, ಅಜ್ಜಿಯಂದಿರೆಲ್ಲ ಮರೆತುಹೋಗುತ್ತಾರೆ.

ಮಾರನೇ ದಿನ ಕಿಟಕಿ ಮುಚ್ಚಿದೆವು. ಗಂಗಮ್ಮನ ಮನೆಯಲ್ಲಿ ಒಂಬತ್ತು ಹುಣಸೆಮರ. ಒಬ್ಬನ ಮನೆಯಲ್ಲಿ ಹನ್ನೊಂದು ಜನ. ಇನ್ನೊಬ್ಬ ಏನೂ ತೋಚದೆ ಎರಡು ಬಾಗಿಲು ಎಂದ. ಚಿತ್ತಕ್ಕ ಕೊನೆಗೆ ಬಂದು ಲಂಗ ಎತ್ತಿ ಹಿಡಿದಿದ್ದ ಮುಷ್ಟಿ ಬಿಚ್ಚಿದಳು. ಮಡಿಲಲ್ಲಿ ಹುಣಸೆಬೀಜ. ಬೆಳಗಿನ ಜಾವ ಅಜ್ಜಿ ಏಳುವ ಮೊದಲು ಒಂದೊಂದು ಕುರಿಗೆ ಒಂದೊಂದು ಬೀಜ ಹಾಕಿಕೊಂಡು ತಂದಿದ್ದಳು. ಎಂಬತ್ತೇಳು. ಅಂಕಿ ಹಸಿರಾಗಿ ಮೂಡಿದಾಗ ಕ್ಲಾಸೆಲ್ಲ "ಓ" ಎಂದಿತು. ಇಡೀ ತರಗತಿಯಲ್ಲಿ ಅದೇ ದೊಡ್ಡ ಸಂಖ್ಯೆ. ಚಿತ್ತಕ್ಕನ ಮುಖದಲ್ಲಿ ನಗು ಬಂತೋ, ಭಯವೋ, ಆ ಬೆಳಕಿನಲ್ಲಿ ನನಗೆ ಗೊತ್ತಾಗಲಿಲ್ಲ. ನಾನು ಕುರಿ, ಹುಣಸೆಮರ, ಬಾಗಿಲು ಎಲ್ಲ ಕೂಡಿ, ಮನೆಗಳಿಂದ ಭಾಗಿಸಿ, ಪ್ರತಿ ಮನೆಗೆ ಸರಾಸರಿ ಹದಿನಾಲ್ಕೂವರೆ ಎಂದು ಘೋಷಿಸಿದೆ. ಹದಿನಾಲ್ಕೂವರೆ ಏನು ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಆಮೇಲಿನ ದಿನಗಳು ನನಗೆ ಬಹಳ ಸೊಗಸಾಗಿ ಕಳೆದವು. ತಿಂಗಳ ಕೊನೆ, ಹೆಡ್‌ಮಾಸ್ತರಿಗೆ ಸರಾಸರಿ ಹಾಜರಾತಿಯನ್ನು ದಶಮಾಂಶದ ಆಚೆ ಆರು ಸ್ಥಾನದವರೆಗೆ ತೆಗೆದುಕೊಡುವ ಹುಚ್ಚು ಹಿಡಿದಿತ್ತು. ತಲೆ ಬಗ್ಗಿಸಿ ಗುಂಡಿ ಒತ್ತುತ್ತಲೇ ಹಾಜರಿ ಕೂಗುತ್ತಿದ್ದೆ. ಹೆಸರು ಉದ್ದ, ಹೊತ್ತು ಹಿಡಿಯುತ್ತದೆ, ಅದಕ್ಕೇ ನಂಬರು. ಹದಿನೈದು, ಪ್ರೆಸೆಂಟ್ ಸಾ. ಹದಿನಾರು, ಪ್ರೆಸೆಂಟ್ ಸಾ. ಹದಿನೇಳು, ಪ್ರೆಸೆಂಟ್ ಸಾ.

ಒಂದು ದಿನ ಕಿಟಕಿ ಮುಚ್ಚಿ, ಲೆಕ್ಕ ಒತ್ತಿ, "ಇವತ್ತು ಯಾರ ಸರದಿ?" ಎಂದೆ. ಯಾರೂ ಬರಲಿಲ್ಲ. ಕತ್ತಲಲ್ಲಿ ಅಂಕಿ ಸುಮ್ಮನೆ ಹೊಳೆಯುತ್ತ ನಿಂತಿತ್ತು.

"ಯಾರ್ರೀ ಅದು?"

"ಚಿತ್ತಕ್ಕಂದು ಸಾ" ಎಂದಿತು ಒಂದು ದನಿ.

"ಬಾರಮ್ಮ ಮತ್ತೆ."

"ಅವ್ಳು ಬಂದಿಲ್ಲ ಸಾ. ಅವ್ಳು ಬಂದು ಎಂಟು ದಿವ್ಸ ಆತು."

ಕಿಟಕಿ ತೆಗೆಸಿದೆ. ಹಾಜರಿ ಪುಸ್ತಕ ನೋಡಿದರೆ ಅವಳ ನಂಬರು ಹದಿನೇಳು ಒಂದು ದಿನವೂ ತಪ್ಪಿಲ್ಲ. ಪಕ್ಕದಲ್ಲಿ ಕೂರುವ ಗಂಗಮ್ಮ ಅಳುವುದಕ್ಕೆ ಶುರು ಮಾಡಿದಳು. ಗೆಳತಿಗೆ ಗೈರು ಬೀಳಬಾರದೆಂದು ಹದಿನೇಳಕ್ಕೂ ಹದಿನೆಂಟಕ್ಕೂ ಅವಳೇ ಪ್ರೆಸೆಂಟ್ ಹೇಳುತ್ತಿದ್ದಳು. "ಅವ್ರ ಕುರಿಗೆ ತ್ವಾಳ ಬಿತ್ತು ಸಾ. ಎಲ್ಡು ಮರಿ ಹೊತ್ಕಂಡೋತು. ಕುರಿ ಎಣಿಸಿದ್ದು ಗೊತ್ತಾಗಿ ಅವ್ರಜ್ಜಿ ಇನ್ನ ಇಸ್ಕೂಲಿಗೆ ಬುಡಾಕಿಲ್ವಂತೆ. ಪರೀಕ್ಸೇನೂ ಬರ್ಯಾದು ಬ್ಯಾಡ ಅಂದೈತಂತೆ." ನನ್ನ ಕೈಯಲ್ಲಿ ಆರು ಸ್ಥಾನದ ದಶಮಾಂಶ ಇತ್ತು.

ಸ್ಕೂಲು ಬಿಟ್ಟ ಕೂಡಲೇ ಸೈಕಲ್ ಹತ್ತಿ ಹಟ್ಟಿಗೆ ಹೊರಟೆ. ಡಬ್ಬಿ ಜುಬ್ಬದ ಜೇಬಿನಲ್ಲೇ ಇತ್ತು. ಹಟ್ಟಿಯ ಬೇಲಿ ಬಾಯಲ್ಲೇ ಚಪ್ಪಲಿ ಬಿಡಬೇಕು ಎಂದು ಯಾರೋ ಹೇಳಿದರು, ಬಿಟ್ಟೆ. ಒಳಗೆ ಮುಳ್ಳಿನ ಬೇಲಿ ಹಾಕಿದ ಕುರಿರೊಪ್ಪ. ಅದರ ಬಾಯಲ್ಲಿ ಕಲ್ಲಿನ ಮೇಲೆ ಅಜ್ಜಿ ಕೂತಿದ್ದರು. ಮೊಣಕಾಲಿನ ಮೇಲೆ ಕೋಲು. ಕಂಬಳಿಯಷ್ಟೇ ಕಪ್ಪು, ಕಂಬಳಿಯಷ್ಟೇ ಗಟ್ಟಿ.

"ನೀವೇ ಏನಪ್ಪಾ ನನ್ನ ಕುರಿ ಎಣಿಸಿದ ಮೇಷ್ಟ್ರು?"

ಹೌದು ಎಂದೆ. ಸಮಜಾಯಿಷಿ ಕೊಡಲು ಬಾಯಿ ತೆರೆದೆ. ತೋಳಕ್ಕೂ ಎಣಿಕೆಗೂ ಏನು ಸಂಬಂಧ ಅಜ್ಜೀ, ತೋಳಕ್ಕೆ ಲೆಕ್ಕ ಬರುತ್ತದೆಯೇ, ಬೇಸಿಗೆ ಬಂತು, ಗುಡ್ಡದಲ್ಲಿ ಬೇಟೆ ಸಿಕ್ಕದೆ ಬಂದಿರುತ್ತದೆ. ಅಜ್ಜಿ ಪೂರ್ತಿ ಕೇಳಿದರು.

"ಆತಾ? ಈಗ ನಾನು ಕೇಳ್ತೀನಿ. ಕತ್ಲಾಗೆ ಹಸ್ರುಗೆ ಒಳೀತಾವಂತಲ್ಲ ನಿನ್ನ ಡಬ್ಬ್ಯಾಗೆ, ಏನವು?"

"ಅಂಕಿ ಅಜ್ಜಿ."

"ಕತ್ಲಾಗೆ ಹಸ್ರುಗೆ ಒಳ್ಯಾದು ತ್ವಾಳನ ಕಣ್ಣು ಕಣಪ್ಪಾ. ಎಪ್ಪತ್ತು ವರ್ಸ ನೋಡಿವ್ನಿ. ಆ ಕಣ್ಣೊಳಕ್ಕೆ ನನ್ನ ಕುರಿನೆಲ್ಲ ತುಂಬಿಟ್ಟು, ತ್ವಾಳಕ್ಕೆ ಲೆಕ್ಕ ಬತ್ತದಾ ಅಂತ ನನ್ನೇ ಕೇಳ್ತೀಯಲ್ಲ!"

ಇದಕ್ಕೆ ಯಾವ ಪುಸ್ತಕದಲ್ಲಿ ಉತ್ತರ ಇದೆ ಹೇಳಿ. ಅಷ್ಟರಲ್ಲಿ ದೂರದಲ್ಲಿ ಧೂಳು ಎದ್ದಿತು. ಹಿಂಡು ಬರುತ್ತಿತ್ತು, ಹಿಂದೆ ಕೋಲು ಹಿಡಿದು ಚಿತ್ತಕ್ಕ. ಎಂಟು ದಿನದಲ್ಲೇ ಬಿಸಿಲಿಗೆ ಬಾಡಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು. ಸಂಜೆಯ ಬಿಸಿಲು ಧೂಳಿನೊಳಗೆ ಸಿಕ್ಕಿ ಎಲ್ಲವೂ ಅರಿಸಿನದ ನೀರಿನಲ್ಲಿ ತೇಲುವಂತಿತ್ತು; ಕುರಿಗಳಿಗೆ ಕಾಲೇ ಇಲ್ಲವೇನೋ, ಸುಮ್ಮನೆ ತೇಲಿಕೊಂಡು ಬರುತ್ತಿವೆಯೇನೋ ಎನ್ನಿಸಿತು. ಅಜ್ಜಿ ಕೋಲನ್ನು ರೊಪ್ಪದ ಬಾಯಿಗೆ ಅಡ್ಡ ಹಿಡಿದರು. ಒಂದೊಂದೇ ಒಳಗೆ ಹೋಗಬೇಕು.

"ಬಂದ್ಯಾ ಕಪ್ಪೀ. ನೀನು ಬಂದ್ಯಾ ಕಿವಿಹರುಕಿ. ಬಾರವ್ವ ಬೋರಿ, ಮಗಳೆಲ್ಲಿ, ಆಂ, ಬಂದ್ಲು. ಓಡಬ್ಯಾಡ್ಲಾ ದಾಸ, ನಿನ್ನ ಜಾಗ ಎಲ್ಲೂ ಹೋಗಾಕಿಲ್ಲ. ಚುಕ್ಕಿ. ಚುಕ್ಕಿ ತಂಗಿ. ಕುಂಟಮ್ಮ, ಮೆಲ್ಲಗೆ, ಮೆಲ್ಲಗೆ..."

ಜೋಗುಳದ ಹಾಗೆ ಸಾಗಿತು ಅದು. ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಕೇಳುತ್ತ ಕೇಳುತ್ತ ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಕೊನೆಯ ಮರಿ ಒಳಗೆ ಹೋದ ಮೇಲೂ ಅಜ್ಜಿ ಕೋಲು ಎತ್ತಲಿಲ್ಲ.

"ಮುತ್ತಿ ಬಂದಿಲ್ಲ" ಎಂದರು.

ಚಿತ್ತಕ್ಕ ಬಂದ ದಾರಿಯಲ್ಲೇ ಓಡಿದಳು. ಸ್ವಲ್ಪ ಹೊತ್ತಿಗೆ ಒಂದು ಬಿಳಿ ಕುರಿಯನ್ನು ಕಿವಿ ಹಿಡಿದು ತಂದಳು. ಬೇಲಿಯ ಹಂಬಿಗೆ ಕೊರಳು ಸಿಕ್ಕಿಸಿಕೊಂಡು ನಿಂತಿತ್ತಂತೆ. ಅಜ್ಜಿ ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ಕಿಲಾಸ್ನಾಗೆ ಎಷ್ಟು ಮಕ್ಳಪ್ಪ?"

"ನಲವತ್ತೊಂದು ಅಜ್ಜಿ." ತಟ್ಟನೆ ಹೇಳಿದೆ.

"ನನ್ನ ಮೊಮ್ಮಗ್ಳು ಬರ್ದೆ ಎಷ್ಟು ದಿನ ಆತು?"

"ಎಂಟು ದಿನ."

"ನಿನಗೆ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. ಚಿತ್ತಕ್ಕ ಅಲ್ಲೇ ನಿಂತಿದ್ದಳು. "ಇವತ್ತು" ಎಂದೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಒಂದು ಕುರಿ ಬರ್ಲಿಲ್ಲ ಅಂದ್ರೆ ನಾನು ಉಣ್ಣಾಕಿಲ್ಲ ಮೇಷ್ಟ್ರೇ. ಹೊಟ್ಟೆಗೆ ಇಳಿಯಾಕಿಲ್ಲ. ನೀವು ಎಂಟು ದಿನ ಉಂಡ್ರಲ್ಲ" ಎಂದರು.

ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ಮೇಲೆ ಮುಚ್ಚಿಡುವುದೇನು, ಅತ್ತುಬಿಟ್ಟೆ. ತಪ್ಪಾಯಿತು ಅಜ್ಜಿ ಎಂದೆ. ನಿಮ್ಮ ಮಾತು ಮೀರಿ ಎಣಿಸು ಅಂದದ್ದು ನಾನು, ಅವಳಲ್ಲ. ಅವಳು ಬೇಡ ಅಂತಲೇ ಹೇಳಿದ್ದಳು, ನನ್ನ ಮೇಲಿನ ಸಿಟ್ಟಿಗೆ ಅವಳ ಪರೀಕ್ಷೆ ತಪ್ಪಿಸಬೇಡಿ ಎಂದೆ. ಅಜ್ಜಿ ಕೋಲಿನ ತುದಿಯಿಂದ ನನ್ನ ಜೇಬು ತೋರಿಸಿದರು.

"ಮೊದ್ಲು ಅದ್ರೊಳಗೆ ಇರೋ ನನ್ನ ಕುರಿ ಬುಡ್ಸು" ಎಂದರು.

ಡಬ್ಬಿ ತೆಗೆದೆ. ಮುಸ್ಸಂಜೆಯಾಗಿತ್ತು, ಸ್ವಿಚ್ಚು ತಳ್ಳಿದರೆ ಚೆನ್ನಾಗಿ ಕಾಣುತ್ತಿತ್ತು. ಆ ಸಂಖ್ಯೆ ಅಂದೇ ಅಳಿಸಿಹೋಗಿದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹೇಳಿದ್ದರೆ ಅವರು ನಂಬುತ್ತಲೂ ಇರಲಿಲ್ಲ. ಎಂಬತ್ತೇಳು ಒತ್ತಿ ತೋರಿಸಿದೆ. ಅಜ್ಜಿ ಹಿಂದಕ್ಕೆ ಸರಿದು ಸೆರಗು ಬಾಯಿಗೆ ಹಿಡಿದರು. "ನೀನೇ ಅಳಿಸಮ್ಮ" ಎಂದು ಚಿತ್ತಕ್ಕನ ಮುಂದೆ ಹಿಡಿದೆ. ಅವಳು ಒತ್ತಿದಳು. ಸೊನ್ನೆ ಬಂತು.

"ಒಂದು ಉಳ್ಕಂತಲ್ಲ!" ಎಂದರು ಅಜ್ಜಿ.

"ಅದು ಸೊನ್ನೆ ಅಜ್ಜಿ. ಏನೂ ಇಲ್ಲ ಅಂತ ಅದರ ಅರ್ಥ."

"ಏನೂ ಇಲ್ದಿದ್ರೆ ಅದ್ಯಾಕೆ ಅಂಗೆ ಕಣ್ಣು ಬುಟ್ಕಂಡು ನೋಡ್ತೈತೆ?"

ಅದೂ ನಿಜವೇ. ದುಂಡಗೆ, ಹಸಿರಾಗಿ, ರೆಪ್ಪೆ ಮಿಟುಕಿಸದೆ ನಮ್ಮ ಮೂವರನ್ನೂ ನೋಡುತ್ತಿತ್ತು. ಅಷ್ಟು ವರ್ಷ ಗಣಿತ ಓದಿದವನಿಗೂ ಅದನ್ನು ನೋಡಿ ಒಂದು ಸಲ ಮೈ ಜುಂ ಎಂದಿತು. ಸ್ವಿಚ್ಚು ಆರಿಸಿದೆ. ಗಾಜು ಕಪ್ಪಾಯಿತು. ರೊಪ್ಪದೊಳಗೆ ಯಾವುದೋ ಮರಿ ಅರಚಿತು, ತಾಯಿ ಓಗೊಟ್ಟಿತು. ಅಜ್ಜಿ ಉಸಿರು ಬಿಟ್ಟರು. ಕಳಿಸುತ್ತೇನೆ ಎನ್ನಲಿಲ್ಲ, ಕಳಿಸುವುದಿಲ್ಲ ಎಂದೂ ಅನ್ನಲಿಲ್ಲ. "ಕತ್ಲಾತು, ಹೋಗ್ಬುಡಿ ಮೇಷ್ಟ್ರೇ" ಎಂದಷ್ಟೇ ಹೇಳಿ ರೊಪ್ಪದ ಬಾಯಿಗೆ ಮುಳ್ಳು ಎಳೆದರು.

ಮಾರನೇ ಬೆಳಗ್ಗೆ ಹಾಜರಿ ಹೆಸರಿಟ್ಟು ಕೂಗಿದೆ. ಒಬ್ಬೊಬ್ಬರ ಮುಖ ನೋಡಿ. ಮಕ್ಕಳಿಗೆ ಗಾಬರಿ, ಮೇಷ್ಟರಿಗೆ ಏನಾಯಿತು ಎಂದು ಒಬ್ಬರನ್ನೊಬ್ಬರು ತಿವಿದರು. "ಚಿತ್ತಕ್ಕ" ಎಂದೆ. ಗಂಗಮ್ಮ ತುಟಿ ಕಚ್ಚಿಕೊಂಡು ಕೂತಳು. ಇನ್ನೊಂದು ಸಲ ಕೂಗಿದೆ. ಪಕ್ಕದ ಜಾಗ ಖಾಲಿ. ಗೈರು ಹಾಕಿದೆ. ಮೊದಲ ಪೀರಿಯಡ್ ಆಯಿತು, ಎರಡನೆಯದಾಯಿತು. ಕಿಟಕಿಯಾಚೆ ದಾರಿಯಲ್ಲಿ ಒಂದು ನಾಯಿ ಬಂತು, ಒಂದು ಎತ್ತಿನ ಗಾಡಿ ಬಂತು. ಭಿನ್ನರಾಶಿ ಹೇಳುತ್ತ ಎರಡು ಸಲ ತಪ್ಪು ಮಾಡಿದೆ, ಮಕ್ಕಳೇ ತಿದ್ದಿದರು.

ಊಟದ ಗಂಟೆ ಹೊಡೆಯಿತು. ಹೆಡ್‌ಮಾಸ್ತರು ಬುತ್ತಿ ಬಿಚ್ಚಿ, "ರಾವಯ್ಯಾ, ಬಾರಯ್ಯಾ, ಇವತ್ತು ನಮ್ಮ ಮನೇಲಿ ಹುಳಿ ಚೆನ್ನಾಗಾಗಿದೆ" ಎಂದು ಕರೆದರು. ನನ್ನ ಡಬ್ಬಿಯೂ ಎದುರಿಗಿತ್ತು. ಊಟದ ಡಬ್ಬಿ. ಮುಚ್ಚಳದ ಮೇಲೆ ಕೈ ಇಟ್ಟೆ. ಹಸಿವು ಚೆನ್ನಾಗಿಯೇ ಇತ್ತು, ಸುಳ್ಳೇಕೆ. ಆದರೆ ತೆರೆಯುವುದಕ್ಕೆ ಆಗಲಿಲ್ಲ.

"ಬಂದೆ ಸಾರ್" ಎಂದು ಹೇಳಿ ಸೈಕಲ್ ತೆಗೆದೆ.

ನೆತ್ತಿಯ ಮೇಲೆ ಬಿಸಿಲು. ಹಟ್ಟಿಗೆ ಇನ್ನೂ ಅರ್ಧ ದಾರಿ ಇದೆ ಎನ್ನುವಾಗ ಒಂದು ಜಾಲಿಮರದ ನೆರಳಲ್ಲಿ ಯಾರೋ ಕೂತಿದ್ದರು. ಹತ್ತಿರ ಹೋದೆ. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿ, ಮಡಿಲಲ್ಲಿ ಪುಸ್ತಕದ ಚೀಲ ಇಟ್ಟುಕೊಂಡು ಚಿತ್ತಕ್ಕ. ಬಹಳ ಹೊತ್ತಿನಿಂದ ಕೂತಿದ್ದಿರಬೇಕು, ಕಾಲ ಮುಂದೆ ನೆಲದ ತುಂಬ ಕಡ್ಡಿಯಲ್ಲಿ ಗೀಚಿದ್ದಳು.

"ಯಾಕಮ್ಮ ಇಲ್ಲಿ ಕೂತಿದೀಯ? ಸ್ಕೂಲಿಗೆ ಯಾಕೆ ಬರಲಿಲ್ಲ?"

ಅವಳು ಎದ್ದು ನಿಂತಳು.

"ಸಾ, ಉಂಡ್ರಾ?"

"ಇಲ್ಲಮ್ಮ. ನೀನು ಬಂದಿರಲಿಲ್ಲವಲ್ಲ."

ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹಟ್ಟಿಯ ಕಡೆ ತಿರುಗಿ, ಎರಡು ಕೈಯನ್ನೂ ಬಾಯಿಗೆ ಅಡ್ಡ ಹಿಡಿದು, ಕ್ಲಾಸಿನಲ್ಲಿ ಒಂದು ದಿನವೂ ನಾನು ಕೇಳದಿದ್ದ ದನಿಯಲ್ಲಿ ಕೂಗಿದಳು:

"ಅಜ್ಜೀ! ಉಂಡಿಲ್ವಂತೆ ಕಣಜ್ಜೀ!"

ಆಗ ಕಂಡೆ. ದೂರದ ದಿಬ್ಬದ ಮೇಲೆ, ಸುತ್ತ ಕುರಿ ಮೇಯಿಸಿಕೊಂಡು, ಕೋಲೂರಿ ನಿಂತಿದ್ದರು ಅಜ್ಜಿ. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಕಡಲೆಕಾಯಿ ಹೊಲ ದಾಟಿ ಸ್ಪಷ್ಟವಾಗಿ ಬಂತು.

"ಅಂಗಾರೆ ಹೋಗು ಮಗಾ, ಇಸ್ಕೂಲಿಗೆ ಹೋಗು!"